ಮಲ್ಪೆಗೊಂದು ಸವಾರಿ

ಬಂಟ್ವಾಳದವರಿಗೆ ನೇತ್ರಾವತಿ ಉಂಟು, ಬೆಳ್ತಂಗಡಿಯವರಿಗೆ ಘಟ್ಟದ ಗಾಳಿ ಉಂಟು, ಮೂಡಬಿದಿರೆಯವರಿಗೆ ಸಾವಿರ ಕಂಬದ ಬಸದಿ ಉಂಟು. ಆದರೂ ಭಾನುವಾರ ಬಂತೆಂದರೆ ಎಲ್ಲರಿಗೂ ಕಡಲೇ ಆಗಬೇಕು, ಅದೂ ಮಲ್ಪೆಯದ್ದೇ.

ಹೇಳಿಕೊಳ್ಳಲು ಕಾರಣ, ಮಕ್ಕಳಿಗೆ ಸೈಂಟ್ ಮೇರೀಸ್ ದ್ವೀಪ ತೋರಿಸುವುದು. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದಿದ್ದನಂತೆ. ಲಾವಾ ಆರಿ ಕಂಬಗಳಾದ ಬಂಡೆಗಳನ್ನು ನೋಡಿ ಮೂಡಬಿದಿರೆಯ ದೊಡ್ಡಮ್ಮ, "ಕಂಬ ನೋಡಲಿಕ್ಕೆ ಇಷ್ಟು ದೂರ ಬರಬೇಕಿತ್ತಾ ಮಾರಾಯ? ನಮ್ಮಲ್ಲಿಯದರಲ್ಲಿ ಕೆತ್ತನೆಯಾದರೂ ಉಂಟು" ಎಂದರು.

ನಿಜವಾದ ಕಾರಣ ಭಾವನ ಕಾರಿನ ಡಿಕ್ಕಿಯಲ್ಲಿತ್ತು: ಥರ್ಮೋಕೋಲಿನ ಖಾಲಿ ಪೆಟ್ಟಿಗೆ. ಬಂದರಿನಲ್ಲಿ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಜಲಿನ ಕಿವಿರು ಎತ್ತಿ, ಕೆಂಪು ಸಾಲದೆಂದು ಮುಖ ಸಿಂಡರಿಸಿದಳು.

"ಕಣ್ಣು ನೋಡಿದರೆ ನಿನ್ನೆಯ ಮೀನು."

"ರಾತ್ರಿಯಿಡೀ ಬೋಟಿನಲ್ಲಿತ್ತಲ್ಲ ಅಕ್ಕ, ನಿದ್ದೆ ಇಲ್ಲದೆ ಹಾಗೆ ಕಾಣುವುದು" ಎಂದಳು ಮೀನಿನಾಕೆ. ಇಂಥವಳ ಹತ್ತಿರ ಚೌಕಾಸಿ ಮಾಡಿ ಗೆದ್ದವರುಂಟೇ? ಅಂಜಲಿನ ಜೊತೆ ಬೇಡದಿದ್ದ ಬಂಗುಡೆಯೂ ಪೆಟ್ಟಿಗೆ ಸೇರಿತು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಮಳೆಗಾಲದಲ್ಲಿ ದ್ವೀಪಕ್ಕೂ ದೋಣಿಯಿಲ್ಲ. ಆಗಲೂ ಹೋಗುವವರಿದ್ದಾರೆ, ಬರುವಾಗ ಒಣಮೀನು ತರುತ್ತಾರೆ.

ಪಡುಬಿದ್ರಿ ದಾಟುವ ಮೊದಲೇ ಐಸ್ ಕರಗಿ ನೀರು ಸೀಟಿನಡಿಗೆ ಹರಿಯಿತು. ಭಾವ ಏಸಿ ಆರಿಸಿ ಕಿಟಕಿ ಇಳಿಸಿದರು. ಊರಿನಲ್ಲಿ ಕಾರಿನಿಂದ ನಾವು ಇಳಿಯುವುದಕ್ಕೂ ಮೊದಲೇ ನೆರೆಮನೆಯ ಮೂರು ಬೆಕ್ಕುಗಳು ಗೇಟಿನ ಮುಂದೆ ಸಾಲಾಗಿ ಕೂತಿದ್ದವು.