23 ವಾರದ ಬಯಕೆ

ಬಸುರಿಯ ಗಂಡ ಸಮುದ್ರಸ್ನಾನ ಮಾಡಬಾರದು, ಹೆಣಕ್ಕೆ ಹೆಗಲು ಕೊಡಬಾರದು ಎಂದು ಅಜ್ಜಿ ಹೇಳಿದರೆ ಅದು ಮೂಢನಂಬಿಕೆ. ಬಸುರಿ ಹೆಂಡತಿ 24ನೇ ವಾರಕ್ಕೆ ಕಾಲಿಟ್ಟರೆ ನಮ್ಮ ಹಡಗಿಗೆ ಕಾಲಿಡಬಾರದು ಎಂದು ಮಯಾಮಿಯ ಕ್ರೂಸ್ ಕಂಪನಿ ಹೇಳಿದರೆ ಅದು ಟರ್ಮ್ಸ್ ಆ್ಯಂಡ್ ಕಂಡೀಷನ್ಸ್. ಅಜ್ಜಿಯ ಮಾತಿಗೆ ‘ಯಾಕೆ?’ ಎಂದು ಜಗಳಕ್ಕೆ ನಿಲ್ಲುವ ಮೊಮ್ಮಗ ಕಂಪನಿಯ ಮಾತಿಗೆ ತುಟಿಪಿಟಿಕ್ಕೆನ್ನದೆ ‘ಐ ಅಗ್ರೀ’ ಒತ್ತುತ್ತಾನೆ. ಪಾಪ, ಅಜ್ಜಿಗೆ ವ್ಯಾಪಾರ ಗೊತ್ತಿರಲಿಲ್ಲ. ತನ್ನ ನಿಯಮಗಳಿಗೂ ಡಾಲರಿನಲ್ಲಿ ಮುಂಗಡ ಇಸಕೊಂಡಿದ್ದರೆ ಅವಳ ಮಾತಿಗೂ ಬೆಲೆ ಬರುತ್ತಿತ್ತು.

ಮದುವೆಗೆ ಮುಂಚೆ ಪ್ರೀ ವೆಡ್ಡಿಂಗ್ ಶೂಟ್, ಆದ ಮೇಲೆ ಹನಿಮೂನ್, ಹೊಟ್ಟೆ ಕಾಣಿಸಿಕೊಂಡರೆ ಬೇಬಿಮೂನ್. ಹಸಿರು ಬಳೆ, ಮೊಗ್ಗಿನ ಜಡೆ ಎಲ್ಲ ಅಮ್ಮಂದಿರ ಸಮಾಧಾನಕ್ಕೆ ಮುಗಿಸಿದರಾಯಿತು. ಅಸಲಿ ಸೀಮಂತ ಸಿಂಗಪುರದಿಂದ ಹೊರಟ ಹಡಗಿನ ಡೆಕ್ ಮೇಲೆ: ಗಾಳಿಗೆ ಹಾರುವ ಗೌನು, ಹೊಟ್ಟೆಯ ಮೇಲೆ ಗಂಡನ ಎರಡೂ ಅಂಗೈ, ಹಿಂದೆ ಸೂರ್ಯಾಸ್ತ.

ಆದರೆ ಮುಹೂರ್ತ ಸಿಗುವುದು ಕಷ್ಟ. ಮೊದಲ 12 ವಾರ ವಾಂತಿ. ಒಗ್ಗರಣೆಯ ವಾಸನೆಗೇ ಬಚ್ಚಲಿಗೆ ಓಡುವವಳನ್ನು ಅಲೆಯ ಮೇಲೆ ತೇಲಿಸಿದರೆ ಏನಾಗುತ್ತದೆಂದು ಹೇಳಲು ಡಾಕ್ಟರು ಬೇಕಿಲ್ಲ. 24ನೇ ವಾರದಿಂದ ರಾಯಲ್ ಕೆರಿಬಿಯನ್, ಕಾರ್ನಿವಲ್ ಮುಂತಾದ ದೊಡ್ಡ ಕಂಪನಿಗಳ ಬಾಗಿಲು ಬಂದ್. ಹೆತ್ತ ಮೇಲೆ ಕೂಸಿಗೆ 6 ತಿಂಗಳು ತುಂಬುವ ತನಕ ಕೂಸಿಗೂ ಬಂದ್. ಅಟ್ಲಾಂಟಿಕ್ ದಾಟುವ ಯಾನವಾದರೆ ಒಂದು ವರ್ಷ. ಉಳಿಯುವುದು 13ರಿಂದ 23. ಅದರಲ್ಲೂ ವಾರ ಎಣಿಸುವುದು ಹತ್ತುವ ದಿನಕ್ಕಲ್ಲ, ಇಳಿಯುವ ದಿನಕ್ಕೆ. ರಾಹುಕಾಲ ನಂಬದ ಮನೆಯಲ್ಲಿ ಗಂಡ ಎಕ್ಸೆಲ್ ಹಾಳೆ ಹರಡಿಕೊಂಡು ಕೂತಿದ್ದಾನೆ. ಸ್ಕ್ಯಾನಿಂಗಿನ ತಾರೀಖು ಅವನಿಗೆ ಮೊದಲ ಸಲ ಬಾಯಿಪಾಠವಾಗಿದೆ.

ಡಾಕ್ಟರ ಚೀಟಿ ತೋರಿಸಿದರೆ ವಿಮಾನದವರು ಸಾಮಾನ್ಯವಾಗಿ 36 ವಾರದವರೆಗೂ ಹತ್ತಿಸಿಕೊಳ್ಳುತ್ತಾರೆ. ಹಡಗಿನವರಿಗೆ ಮಾತ್ರ ಇಷ್ಟು ಬೇಗ ದಿಗಿಲೇಕೆ? ವಿಮಾನ ಹತ್ತಿರದ ಊರಲ್ಲಿ ಇಳಿದೀತು, ಹಡಗಿಗೆ ದಡ ಸಿಗಲು ಎರಡು ದಿನ ಬೇಕಾದೀತು ಎಂಬುದು ಒಂದು ಕಾರಣ. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 24 ವಾರದ ಆಸುಪಾಸಿನಲ್ಲಿ ಹುಟ್ಟಿದ ಕೂಸು ಬದುಕೀತು, ಇನ್‌ಕ್ಯುಬೇಟರ್, ವೆಂಟಿಲೇಟರ್, ನವಜಾತ ಶಿಶುಗಳ ಐಸಿಯು ಇದ್ದರೆ. ಅದಕ್ಕೂ ಬಹಳ ಮುಂಚೆ ಹೋದ ಜೀವಕ್ಕೆ ಯಾರೂ ಏನೂ ಮಾಡುವಂತಿಲ್ಲ. ಆಮೇಲೆ ಬಂದ ಜೀವಕ್ಕೆ ಏನಾದರೂ ಮಾಡಲೇಬೇಕು. ಆ ‘ಮಾಡಲೇಬೇಕು’ ಶುರುವಾಗುವಲ್ಲೇ ಗೆರೆ ಬಿದ್ದಿದೆ. 23ನೇ ವಾರದವಳಿಗೆ ನಡುಕಡಲಲ್ಲಿ ರಕ್ತಸ್ರಾವವಾಗುವುದಿಲ್ಲವೆಂದು ಆ ಗೆರೆ ಭರವಸೆ ಕೊಡುವುದಿಲ್ಲ. ಆದರೆ ಕಂಪನಿಗೆ ತಲೆನೋವಿಲ್ಲ.

ಜಾಗದ ಅಭಾವವೋ ಎಂದರೆ, 2024ರ ಜನವರಿಯಲ್ಲಿ ಯಾನ ಶುರುಮಾಡಿದ ‘ಐಕಾನ್ ಆಫ್ ದಿ ಸೀಸ್’ ಹಡಗಿಗೆ 20 ಅಂತಸ್ತು. ಅದರಲ್ಲಿ 7 ಈಜುಕೊಳ, ನೀರಿನ 6 ಜಾರುಬಂಡೆ, ಕ್ಯಾಸಿನೋ, ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವ ಅಂಗಳ. ಉರಿಬಿಸಿಲ ಸಮುದ್ರದಲ್ಲಿ ಮಂಜುಗಡ್ಡೆ ಕಾಪಾಡುವುದು ಸಾಧ್ಯ, ಹಸುಗೂಸನ್ನು ಕಾಪಾಡುವುದು ಕಷ್ಟ. ಹಡಗುಗಳಲ್ಲಿ ಡಾಕ್ಟರು, ನರ್ಸು ಇರುತ್ತಾರೆ. ಹೆರಿಗೆಗೆ ಬೇಕಾದ ಏರ್ಪಾಡಿಲ್ಲ ಎಂದು ಕಂಪನಿಗಳೇ ಬರೆದುಕೊಂಡಿವೆ. ಸರಿಯೇ, ಹೆರಿಗೆ ಕೋಣೆಯಲ್ಲಿ ಯಾರೂ ಜೂಜಾಡುವುದಿಲ್ಲವಲ್ಲ.

ಪೂರ್ತಿ ಟಿಕೆಟ್ ಕೊಟ್ಟು ಹತ್ತಿದ ಬಸುರಿಗೆ ಜಾರುಬಂಡೆ ಬೇಡ, ಬಿಸಿನೀರಿನ ತೊಟ್ಟಿ ಬೇಡ, ಹಸಿ ಮೀನಿನ ಸುಶಿ ಬೇಡ, ವೈನ್ ಬೇಡ. ಡೆಕ್ ಮೇಲೆ ಕೂತು ಗಂಡ ಜಾರುವುದನ್ನು ನೋಡಬಹುದು. ಗಂಡ ಜಾರಿಕೊಳ್ಳುವುದನ್ನು ಮನೆಯಲ್ಲೇ ಪುಕ್ಕಟೆ ನೋಡಬಹುದಿತ್ತು.

ಅಕಸ್ಮಾತ್ ಹೆರಿಗೆಯೇ ಆಯಿತೆನ್ನಿ. ಕಂಪನಿ ಮಯಾಮಿಯದು, ಧ್ವಜ ಬಹಾಮಾಸಿನದು, ನೋಂದಣಿ ಅಲ್ಲಿನ ನಸ್ಸಾವಿನಲ್ಲಿ. ಹಡಗು ಎಲ್ಲಿ ನೋಂದಣಿಯಾಗಿದೆಯೋ ಅಲ್ಲೇ ಹುಟ್ಟಿದಂತೆ ಎನ್ನುತ್ತದೆ ನಮ್ಮ 1955ರ ಪೌರತ್ವ ಕಾಯಿದೆ. ತಾತ ತಿಪಟೂರು, ಅಪ್ಪ ಬೆಂಗಳೂರು, ಕೂಸು ನಸ್ಸಾವು! ಜಾತಕ ಬರೆಯುವ ಜೋಯಿಸರು ಅಕ್ಷಾಂಶ ರೇಖಾಂಶಕ್ಕೆ ಕ್ಯಾಪ್ಟನ್ನಿಗೇ ಫೋನ್ ಹಚ್ಚಬೇಕು. ಖರ್ಚಿಗೆ ವಿಮೆ ಇದೆಯಲ್ಲ ಅಂದಿರಾ? ಬಹುಪಾಲು ಪ್ರವಾಸ ವಿಮೆಗಳಲ್ಲಿ ಹೆರಿಗೆಯ ಖರ್ಚು ಸೇರುವುದಿಲ್ಲ. ಸಾಮಾನು ಕಳೆದರೆ ದುಡ್ಡು ಬರುತ್ತದೆ. ಕೂಸು ಸಿಕ್ಕರೆ ಬರುವುದಿಲ್ಲ.

ಇಂಥ ಹಡಗುಗಳಲ್ಲಿ ಊಟ ಬಡಿಸುವವರ ನಡುವೆ ನಮ್ಮ ಮಂಗಳೂರು, ಉಡುಪಿ ಕಡೆಯ ಹುಡುಗರಿದ್ದಾರೆ. ತಿಂಗಳುಗಟ್ಟಲೆ ಕಾಂಟ್ರಾಕ್ಟ್, ನಡುವೆ ಊರಿಗೆ ಬರುವಂತಿಲ್ಲ. ಅಂಥವನೊಬ್ಬನ ಹೆಂಡತಿಗೆ ಊರಲ್ಲಿ ನೋವು ಶುರುವಾದಾಗ ಅವನು ಇನ್ಯಾರದೋ ಬಸುರಿಗೆ ಶುಂಠಿ ಚಹಾ ತಂದಿಡುತ್ತಿರುತ್ತಾನೆ. ಹಡಗು ಹತ್ತಿಯೂ ಅವನಿಗೆ ಬೇಬಿಮೂನ್ ಸಿಗಲಿಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಅವನ ಹಾಜರಿ ವಿಡಿಯೋ ಕಾಲಿನಲ್ಲಿ.

ಇನ್ನು ವಾರ ಮುಚ್ಚಿಟ್ಟು ಹತ್ತಿದ ಜಾಣೆಯರ ಪಾಡು. ಅವರನ್ನು ಮುಂದಿನ ಬಂದರಿನಲ್ಲಿ ಇಳಿಸಿ ಹೊರಡುವ ಹಕ್ಕನ್ನೂ ಕಂಪನಿಗಳು ಕಾಗದದಲ್ಲಿ ಬರೆಸಿಕೊಂಡಿರುತ್ತವೆ. ಬಸುರಿಯನ್ನು ಬಯಕೆಯ ನೆಪದಲ್ಲಿ ದೋಣಿ ಹತ್ತಿಸಿ ಆಚೆ ದಡದಲ್ಲಿ ಬಿಟ್ಟುಬರುವುದು ನಮಗೇನು ಹೊಸ ಸಂಗತಿಯಲ್ಲ. ಸೀತೆ ಕೇಳಿದ್ದೂ ಗಂಗೆಯ ತೀರದ ಆಶ್ರಮಗಳನ್ನು ನೋಡುವ ಒಂದು ಪುಟ್ಟ ಪ್ರವಾಸ. ಹತ್ತಿಸಿದವನು ಲಕ್ಷ್ಮಣ, ಇಳಿಸಿದವನೂ ಲಕ್ಷ್ಮಣ, ಏರ್ಪಾಡು ಗಂಡನದು. ರಾಮನನ್ನು ನಾವು ಇವತ್ತಿಗೂ ಬೈಯುತ್ತೇವೆ, ಬೈಯಬೇಕಾದದ್ದೇ. ಆದರೂ ಅವನ ಪರವಾಗಿ ಒಂದು ಮಾತು: ಮೊದಲೇ ಸೀತೆಯ ಸಹಿ ಹಾಕಿಸಿಕೊಂಡಿರಲಿಲ್ಲ.