ಹೂವು ಬಲಕ್ಕೆ ಬೀಳುವ ತನಕ

ಹುಣ್ಣಿಮೆ ದಿನ ನಮ್ಮ ಕೊಪ್ಪಳ ಸೀಮೆಯ ಹುಲಿಗಿಗೆ ಬಂದ ಭಕ್ತನನ್ನು ಗುಡಿಯ ಮುಂದೆ ತಡೆದು, ‘ದೇಶದ ಮುಂದ ಒಂದು ದೊಡ್ಡ ಪ್ರಶ್ನಿ ಐತ್ರಿ, ಹೌದು ಅಂತೀರೋ ಅಲ್ಲ ಅಂತೀರೋ?’ ಎಂದು ಕೇಳಿ ನೋಡಿ. ‘ಮೊದ್ಲ ಚಪ್ಲಿ ಎಲ್ಲಿ ಬಿಡಬೇಕು ಹೇಳ್ರಿ’ ಎನ್ನುತ್ತಾನೆ. ಟಿವಿಯಲ್ಲಿ ಕೂತ ಪಂಡಿತರು ಇದಕ್ಕೆ ‘ಗ್ರಾಮೀಣ ಮತದಾರರ ನಿರಾಸಕ್ತಿ’ ಎಂದು ಹೆಸರಿಡುತ್ತಾರೆ. ದೊಡ್ಡ ಪ್ರಶ್ನೆಗೆ ಉತ್ತರ ಕೊಟ್ಟು ಹೊರಗೆ ಬಂದಾಗ ಚಪ್ಪಲಿ ಇಟ್ಟಲ್ಲಿ ಇರುವುದಿಲ್ಲ ಎಂಬ ಅನುಭವ ಪಂಡಿತರಿಗೆ ಆದಂತಿಲ್ಲ.

ಇಡೀ ದೇಶವನ್ನು ಸಾಲಾಗಿ ನಿಲ್ಲಿಸಿ ಒಂದೇ ಪ್ರಶ್ನೆಗೆ ಹೌದು–ಅಲ್ಲ ಅನ್ನಿಸುವ ಏರ್ಪಾಡು ನಮ್ಮ ಸಂವಿಧಾನದಲ್ಲಿಲ್ಲ. ಹೀಗಾಗಿ ಬೇರೆಯವರ ಮನೆ ಜಗಳವನ್ನು ನಾವು ಕಟ್ಟೆ ಮೇಲೆ ಕೂತು ನೋಡಬಹುದು. ಬ್ರಿಟನ್ನಿನವರು 2016ರ ಜೂನ್ 23ರಂದು ‘ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ, ಬಿಡಬೇಕೋ’ ಎಂದು ತಮ್ಮ ಜನರನ್ನು ಕೇಳಿದರು. ನೂರಕ್ಕೆ 51.9 ಮಂದಿ ಬಿಡೋಣ ಅಂದರು, 48.1 ಮಂದಿ ಇರೋಣ ಅಂದರು. ಪ್ರಶ್ನೆ ಕೇಳಿದ ಪ್ರಧಾನಿ ಮರುದಿನ ಬೆಳಿಗ್ಗೆಯೇ ‘ನಾನೇ ಬಿಡುತ್ತೇನೆ’ ಅಂದರು. ದೇಶ ಬಿಡುವುದಕ್ಕೆ 2020ರ ಜನವರಿ 31 ಆಗಬೇಕಾಯಿತು.

ಅಷ್ಟರಲ್ಲಿ ಸಾಮಾನ್ಯ ಮತದಾರನ ಗತಿ ಏನಾಯಿತು? ಗೆದ್ದವನಿಗೆ ಮೊದಲ ವಾರ ಹಬ್ಬ. ಎರಡನೇ ವಾರದಿಂದ ‘ನಾ ಕೇಳಿದ್ದು ಇದೇ ಏನು?’ ಎಂಬ ಅನುಮಾನ. ಸೋತವನ ಸಂಕಟವೇ ಬೇರೆ. ‘ಜನ ತೀರ್ಪು ಕೊಟ್ಟಿದ್ದಾರೆ’ ಎಂದು ಮಂತ್ರಿಗಳು ದಿನಾ ಹೇಳುವಾಗ, ಆ ಜನರಲ್ಲಿ ತಾನು ಇಲ್ಲ ಎಂಬುದು ಅವನಿಗೆ ಗೊತ್ತಾಯಿತು. ನೂರಕ್ಕೆ 48 ಮಂದಿ ಒಂದೇ ರಾತ್ರಿಯಲ್ಲಿ ಜನರ ಪಟ್ಟಿಯಿಂದ ಬಿಟ್ಟುಹೋದರು. ಗೆದ್ದವರಿಗೂ ಸಿಟ್ಟು, ಸೋತವರಿಗೂ ಸಿಟ್ಟು. ದೇಶದ ಏಕತೆ ಉಳಿದದ್ದು ಅದೊಂದರಲ್ಲೇ.

ನಮ್ಮನ್ನೂ ಒಮ್ಮೆ ಕೇಳುವ ಮಾತಾಗಿತ್ತು. ಆಗ ಕೊಪ್ಪಳ, ಯಲಬುರ್ಗಾ ಸಾಲಾರಜಂಗರ ಜಹಗೀರು, ಸುತ್ತಲೂ ನಿಜಾಮರ ರಾಜ್ಯ. 1948ರ ಜೂನ್‌ನಲ್ಲಿ, ಮೌಂಟ್‌ಬ್ಯಾಟನ್ ಗಂಟುಮೂಟೆ ಕಟ್ಟುವ ಹೊತ್ತಿಗೆ, ನಿಜಾಮರ ಮುಂದಿಟ್ಟ ಒಪ್ಪಂದದ ಕರಡಿನಲ್ಲಿ, ಭಾರತಕ್ಕೆ ಸೇರುವ ಬಗ್ಗೆ ಜನಮತಗಣನೆಯ ಮಾತಿತ್ತು. ನಿಜಾಮರು ಒಪ್ಪಲಿಲ್ಲ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ಎಲ್ಲ ಮುಗಿಯಿತು. ಕೇಳಿದ್ದರೆ ನಮ್ಮವರ ಉತ್ತರ ಏನಿರುತ್ತಿತ್ತು ಎನ್ನುವುದರಲ್ಲಿ ಗುಟ್ಟೇನಿಲ್ಲ. ನಿಜಾಮರ ವಿರುದ್ಧ ಹೋರಾಡಲು ಅಳವಂಡಿ ಶಿವಮೂರ್ತಿ ಸ್ವಾಮಿಗಳ ಬೆನ್ನು ಹತ್ತಿ ಮುಂಡರಗಿ ಶಿಬಿರಕ್ಕೆ ಹೋದ ಹುಡುಗರು ಚೀಟಿ, ಪೆಟ್ಟಿಗೆ ಯಾವುದೂ ಇಲ್ಲದೆ ಮತ ಹಾಕಿ ಆಗಿತ್ತು. ಮುಂದೆ 1952ರ ಮೊದಲ ಚುನಾವಣೆಗೆ ನಿಜವಾದ ಪೆಟ್ಟಿಗೆ ಬಂದಾಗ, ಕುಷ್ಟಗಿ ಲೋಕಸಭಾ ಕ್ಷೇತ್ರದ ಮಂದಿ ಅದೇ ಸ್ವಾಮಿಗಳನ್ನು ಪಕ್ಷೇತರರಾಗಿ ದಿಲ್ಲಿಗೆ ಕಳಿಸಿದರು. ‘ಈ ಪಕ್ಷವೋ, ಆ ಪಕ್ಷವೋ’ ಎಂದು ಕೇಳಿದವರಿಗೆ ‘ಎರಡೂ ನಿಮ್ಮ ಹತ್ರಾನ ಇರ್ಲಿ’ ಅಂದಂತಾಯಿತು.

ಉಳಿದಂತೆ ನಮ್ಮನ್ನು ಕೇಳದೆ ಮಾಡಿದ ಉಪಕಾರಗಳ ಪಟ್ಟಿ ಉದ್ದವಿದೆ. ಹುಲಿಗಿಯ ಬಗಲಲ್ಲೇ ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿ 28ರಂದು ಅಡಿಗಲ್ಲು ಬಿತ್ತು. ಎಡದಂಡೆಯಲ್ಲಿ ನಿಜಾಮರ ಮಗ ಬೇರಾರಿನ ಯುವರಾಜರು, ಬಲದಂಡೆಯಲ್ಲಿ ಮದ್ರಾಸಿನ ಗವರ್ನರರು. ಒಂದು ಹೊಳೆಗೆ ಎರಡು ಸರ್ಕಾರ, ಎರಡು ಕಲ್ಲು. ಮುಳುಗುವ ಊರಿನವರಿಗೆ ಒಂದು ಪ್ರಶ್ನೆಯೂ ಇಲ್ಲ. 1955ರಲ್ಲಿ ರಾಜ್ಯ ಪುನರ್‌ವಿಂಗಡಣಾ ಆಯೋಗವು ಬಳ್ಳಾರಿ, ಸಿರುಗುಪ್ಪದ ಜೊತೆ ಹೊಸಪೇಟೆಯನ್ನೂ ಆಂಧ್ರಕ್ಕೆ ಕೊಡಿ ಎಂದು ಶಿಫಾರಸು ಮಾಡಿತು. ಕಾರಣ ಇದೇ ಅಣೆಕಟ್ಟು. ಕೇಂದ್ರ ಸರ್ಕಾರ ಒಪ್ಪದ್ದಕ್ಕೆ ಬಚಾವಾದೆವು. ಇಲ್ಲದಿದ್ದರೆ ಹುಲಿಗಿಯವ ಹೊಳೆಯಾಚೆ ಸಂತೆಗೆ ಹೋಗಿ ಬದನೆಕಾಯಿ ತರಲು ರಾಜ್ಯ ದಾಟಬೇಕಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದವರಾದೆವು. 2019ರಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಹೈದರಾಬಾದ್ ಕರ್ನಾಟಕದವರು ಕಲ್ಯಾಣ ಕರ್ನಾಟಕದವರಾಗಿದ್ದರು. ಹೆಸರಿಗೆ ತಕ್ಕಂತೆ ಕಲ್ಯಾಣ ಆಗಿದೆಯೇ ಎಂಬುದನ್ನು ಯಾರೂ ಮತಕ್ಕೆ ಹಾಕಲಿಲ್ಲ. ಬಹುಶಃ ಫಲಿತಾಂಶದ ಬಗ್ಗೆ ಅವರಿಗೂ ಅನುಮಾನವಿರಲಿಲ್ಲ.

ಕೇಳಿಸಿಕೊಂಡವರಾದರೂ ಸುಖವಾಗಿದ್ದಾರೆಯೇ? ಜುನಾಗಢದವರನ್ನು 1948ರ ಫೆಬ್ರುವರಿ 20ರಂದು ಕೇಳಿದರು. ಭಾರತ ಸರ್ಕಾರ ಆಡಳಿತ ಕೈಗೆ ತೆಗೆದುಕೊಂಡು ಮೂರು ತಿಂಗಳಾದ ಮೇಲೆ ಕೇಳಿದ ಪ್ರಶ್ನೆ ಅದು. ಸುಮಾರು 1.9 ಲಕ್ಷ ಮಂದಿ ಭಾರತಕ್ಕೆ ಎಂದರು, ಪಾಕಿಸ್ತಾನಕ್ಕೆ ಎಂದವರು 91. ಚರಿತ್ರೆಕಾರರು ಮೊದಲ ಸಂಖ್ಯೆಯ ಬಗ್ಗೆ ಬರೆಯುತ್ತಾರೆ. ನನಗೆ ಕುತೂಹಲ ಇರುವುದು ಎರಡನೆಯದರ ಬಗ್ಗೆ. ಗುಪ್ತ ಮತದಾನ ಎನ್ನುತ್ತಾರೆ, ಇರಲಿ. ನಮ್ಮ ಹುಲಿಗಿಯಲ್ಲಾಗಿದ್ದರೆ ಸಂಜೆ ದೀಪ ಹಚ್ಚುವುದರೊಳಗೆ 91 ಹೆಸರೂ ಓಣಿವಾರು ಸಿದ್ಧವಾಗುತ್ತಿದ್ದವು. ಜೊತೆಗೆ ಆಗದವರ ಒಂದಿಪ್ಪತ್ತು ಹೆಸರು ಹೆಚ್ಚಿಗೆ.

ನಮ್ಮ ಕಡೆ ಗುಡಿಗಳಲ್ಲಿ ಹೂ ಕೇಳುವುದುಂಟು. ಮಗಳ ಲಗ್ನವೋ, ಹೊಲದ ಖರೀದಿಯೋ, ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂಬುದೋ, ಮನಸ್ಸಿನಲ್ಲಿದ್ದದ್ದನ್ನು ದೇವಿಯ ಮುಂದೆ ಹೇಳಿ, ಮೂರ್ತಿಗೆ ಹೂ ಏರಿಸಿ ಕಾಯಬೇಕು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಎಡಕ್ಕೆ ಬಿತ್ತೆನ್ನಿ. ಮನೆಯ ಹಿರಿಯ ಗಂಟಲು ಸರಿಮಾಡಿಕೊಂಡು, ‘ಪೂಜಾರಿ, ಗಾಳಿ ಬಂದಂಗಿತ್ತಪಾ, ಇನ್ನೊಮ್ಮೆ ಕೇಳು’ ಎನ್ನುತ್ತಾನೆ. ಜಗತ್ತಿನ ದೊಡ್ಡ ದೊಡ್ಡ ಜನಮತಗಣನೆಗಳು ನಡೆಯುವುದು ಇದೇ ಶಾಸ್ತ್ರದ ಪ್ರಕಾರ. ಡೆನ್ಮಾರ್ಕಿನವರು 1992ರಲ್ಲಿ ಐರೋಪ್ಯ ಒಕ್ಕೂಟದ ಮಾಸ್ಟ್ರಿಕ್ಟ್ ಒಪ್ಪಂದ ಬೇಡ ಅಂದರು. 1993ರಲ್ಲಿ ಮತ್ತೆ ಕೇಳಿ ಹೌದು ಅನ್ನಿಸಿಕೊಂಡರು. ಐರ್ಲೆಂಡಿನವರು ಅದೇ ಒಕ್ಕೂಟದ ಬೇರೊಂದು ಒಪ್ಪಂದಕ್ಕೆ 2001ರಲ್ಲಿ ಬೇಡ, 2002ರಲ್ಲಿ ಹೌದು. ಇನ್ನೊಂದು ಒಪ್ಪಂದಕ್ಕೆ 2008ರಲ್ಲಿ ಬೇಡ, 2009ರಲ್ಲಿ ಹೌದು. ನಡುವೆ ಒಂದಿಷ್ಟು ರಿಯಾಯಿತಿ, ಒಂದಿಷ್ಟು ಭರವಸೆ ಸೇರಿಸಿದ್ದು ನಿಜ. ಆದರೆ ಹೂವು ಬಲಕ್ಕೆ ಬಿದ್ದ ಮೇಲೆ ಗಾಳಿಯ ಮಾತನ್ನು ಯಾರೂ ಎತ್ತಲಿಲ್ಲ.

ಗ್ರೀಸಿನವರು ಅಷ್ಟು ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಸಾಲ ಕೊಟ್ಟವರ ಷರತ್ತು ಒಪ್ಪಬೇಕೇ ಎಂದು 2015ರ ಜುಲೈ 5ರಂದು ಕೇಳಿದಾಗ ಮತ ಹಾಕಿದವರಲ್ಲಿ ನೂರಕ್ಕೆ 61 ಮಂದಿ ಬೇಡ ಅಂದರು. ‘ಬೇಡ ಅನ್ನಿ’ ಎಂದು ಪ್ರಚಾರ ಮಾಡಿದ ಪ್ರಧಾನಿಯೇ ಎಂಟು ದಿನದೊಳಗೆ ಇನ್ನೂ ಬಿಗಿಯಾದ ಷರತ್ತಿಗೆ ಗೋಣು ಹಾಕಿ ಬಂದರು. ಹೂವು ಎಡಕ್ಕೆ ಬಿದ್ದಿತ್ತು; ಪೂಜಾರಿ ಬಲಕ್ಕೆ ಎಂದು ಬರೆದುಕೊಂಡ.

ಇವರೆಲ್ಲರಿಗಿಂತ ಜಾಣತನ ತೋರಿದವರು ನಮ್ಮ ನೆರೆಯ ಗೋವಾದ ಮತದಾರರು. ಮಹಾರಾಷ್ಟ್ರದಲ್ಲಿ ಸೇರಬೇಕೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕೋ ಎಂದು 1967ರ ಜನವರಿ 16ರಂದು ಅವರನ್ನು ಕೇಳಿದರು. ಸೇರುವವರಿಗೆ ಹೂವಿನ ಚಿಹ್ನೆ, ಬೇರೆ ಇರುವವರಿಗೆ ಎರಡೆಲೆ. ಊರೂರು ಒಡೆಯಿತು, ಭಾಷೆ ಭಾಷೆ ಎದುರುಬದುರಾಯಿತು. ಎಲೆಗೆ 1,72,191 ಮತ, ಹೂವಿಗೆ 1,38,170. ಹೂವು ಸೋತಿತು. ಎರಡೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಬಂತು. ಅದೇ ಜನ, ‘ಸೇರೋಣ’ ಎಂದು ಗಂಟಲು ಹರಿದುಕೊಂಡಿದ್ದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷವನ್ನೇ ಗೆಲ್ಲಿಸಿದರು. ದಯಾನಂದ ಬಾಂದೋಡಕರರು ಮತ್ತೆ ಮುಖ್ಯಮಂತ್ರಿಯಾದರು. ‘ನಿನ್ನ ಪ್ರಶ್ನೆ ಬೇಡ, ನೀನು ಇರು’ ಎಂದು ಇಷ್ಟು ಚೊಕ್ಕವಾಗಿ ಹೇಳಿದ ಮತದಾರರು ಬೇರೆಲ್ಲೂ ಇರಲಾರರು. ತಮಾಷೆ ಮುಗಿಯುವುದು 1987ರ ಮೇ 30ರಂದು. ಅಂದು ಗೋವಾ ಪ್ರತ್ಯೇಕ ರಾಜ್ಯವೇ ಆಯಿತು. ಹಾಗೆ ಆಗಬಹುದು ಎಂಬ ದಾರಿ 1967ರ ಚೀಟಿಯಲ್ಲಿ ಇರಲೇ ಇಲ್ಲ. ಎರಡು ಸಾಲಿನ ಚೀಟಿ ಹಿಡಿದು ಮಂದಿ ಮುಖ ತಿರುಗಿಸಿಕೊಂಡು ಓಡಾಡಿದರು. ಉತ್ತರ ಮೂರನೇ ಸಾಲಿನಲ್ಲಿತ್ತು.

ನಮ್ಮಲ್ಲಿ ಜನಮತಗಣನೆ ಇಲ್ಲ ಎಂದೆನಲ್ಲ, ಅದು ಕಾಗದದ ಮೇಲಿನ ಮಾತು. ಐದು ವರ್ಷಕ್ಕೊಮ್ಮೆ ವೇದಿಕೆ ಹತ್ತಿದವರು ‘ಇದು ಬರೀ ಚುನಾವಣೆ ಅಲ್ಲ, ದೇಶದ ಭವಿಷ್ಯದ ಜನಮತಗಣನೆ’ ಎಂದು ಕೈ ಬೀಸುತ್ತಾರೆ. ಕಾಲುವೆ ನೀರು ಕೊನೇ ಹೊಲಕ್ಕೆ ಬರಲಿ ಎಂದು ಗುಂಡಿ ಒತ್ತಲು ಹೊರಟವನ ಹೆಗಲಿಗೆ ರಾಷ್ಟ್ರದ ಭಾರ ಹೊರಿಸಿ ಕಳಿಸುತ್ತಾರೆ. ಫಲಿತಾಂಶದ ಮರುದಿನ ಮಿರ್ಚಿ ಅಂಗಡಿ ಮುಂದಿನ ಕಟ್ಟೆಗೆ ಬನ್ನಿ. ಮಂಡಕ್ಕಿ ಒಗ್ಗರಣಿ ತಟ್ಟೆ ಎರಡು. ಒಂದರ ಮುಂದೆ ಗೆದ್ದ ಪಕ್ಷದ ಅಳಿಯ, ಇನ್ನೊಂದರ ಮುಂದೆ ಸೋತ ಪಕ್ಷದ ಮಾವ.

‘ಏನ್ರಿ ಮಾವ, ಜನಾದೇಶ ಬಂತಲ್ಲ!’

‘ಬಂತಂತಪಾ. ನಮ್ಮ ಓಣಿಗೆ ಇನ್ನೂ ಬಂದಿಲ್ಲ.’

‘ಜನ ನಮ್ಮನ್ನ ಒಪ್ಯಾರ.’

‘ಹಂಗಾರ ನಾ ಯಾರಪಾ? ನಾನೂ ಪಾಳಿಯಾಗ ನಿಂತು ಒತ್ತಿ ಬಂದೀನಿ.’

‘ನೀವ್ ಬ್ಯಾರೆ ಬಿಡ್ರಿ. ನಿಮಗ ದೇಶದ ತಿಳುವಳಿಕಿ ಕಡಿಮಿ.’

‘ಹೌದಪಾ. ತಿಳುವಳಿಕಿ ಕಡಿಮಿ ಇದ್ದುದಕ್ಕ ನಿನಗ ಹೆಣ್ಣು ಕೊಟ್ಟೀನಿ.’

ಕಟ್ಟೆ ಮೇಲಿದ್ದವರೆಲ್ಲ ನಕ್ಕರು, ಅಳಿಯನೊಬ್ಬನನ್ನು ಬಿಟ್ಟು. ಮಿರ್ಚಿ ಕರಿಯುವವನು ಜಾರಿ ಎತ್ತಿ ಎಣ್ಣೆ ಬಸಿಯುತ್ತ ನಿಂತಿದ್ದ. ಮಾವನದೂ ಉದ್ರಿ, ಅಳಿಯನದೂ ಉದ್ರಿ. ಅವನ ಪಾಲಿಗೆ ಗೆದ್ದವರು, ಸೋತವರು ಎಲ್ಲ ಒಂದೇ ಪುಸ್ತಕದಲ್ಲಿ ಇದ್ದರು. ನಿಜವಾದ ಮತದಾರರ ಪಟ್ಟಿ ಎಂದರೆ ಅದೇ ಇರಬೇಕು. ಅದರಲ್ಲಿ ಹೆಸರು ಬಿಟ್ಟುಹೋದ ದೂರು ಈ ತನಕ ಬಂದಿಲ್ಲ.

ಹಾಗಾದರೆ ಜನರನ್ನು ಕೇಳುವುದೇ ಬೇಡವೇ? ಕೊಪ್ಪಳದ ಮಂದಿಗೆ ಕೇಳಿದರೆ ಉತ್ತರ ಇದೆ, ಕೇಳದಿದ್ದರೂ ಇದೆ. ಗಿಣಿಗೇರಿ, ಹಿರೇಬಗನಾಳದ ಕಡೆ ಕಾರ್ಖಾನೆಗಳ ಕರಿ ಬೂದಿ ಮಾಳಿಗೆ ಮೇಲೆ, ಒಣಹಾಕಿದ ಬಟ್ಟೆ ಮೇಲೆ, ಬೆಳೆದ ಪೈರಿನ ಮೇಲೆ ಕೂರುತ್ತದೆ. ಬೂದಿ ಕೂರುವ ಮೊದಲು ಆ ಮನೆಯವರು ಯಾವ ಪಕ್ಷ ಎಂದು ವಿಚಾರಿಸುವುದಿಲ್ಲ. ಊರ ಮಗ್ಗುಲಲ್ಲಿ ಮತ್ತೊಂದು ಭಾರಿ ಉಕ್ಕಿನ ಕಾರ್ಖಾನೆ ಬರುತ್ತದೆ ಎಂದಾಗ, 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮಿಗಳ ಜೊತೆ ಸಾವಿರಾರು ಮಂದಿ ಬೀದಿಗೆ ಬಂದರು. ಮೇಲೆ ಹೇಳಿದಂಥ ಮಾವ, ಅಳಿಯ ಒಂದೇ ಸಾಲಿನಲ್ಲಿ ನಡೆದರು. ಇದನ್ನು ಮತಕ್ಕೆ ಹಾಕಿ ಎಂದು ಯಾವ ವೇದಿಕೆಯಿಂದಲೂ ಯಾರೂ ಕೈ ಬೀಸಲಿಲ್ಲ. ಹಾಕಿದರೆ ಊರು ಒಡೆಯುವುದಿಲ್ಲವಲ್ಲ! ಊರನ್ನು ಕೂಡಿಸುವ ಪ್ರಶ್ನೆಗೆ ಲಾಠಿ ಹಿಡಿದ ಬಂದೋಬಸ್ತ್, ಒಡೆಯುವ ಪ್ರಶ್ನೆಗೆ ಅರಗು ಒತ್ತಿದ ಮತಪೆಟ್ಟಿಗೆ. ಇಷ್ಟು ನೋಡಿದ ಮೇಲೂ ‘ಜನರಿಗೆ ಯಾಕೆ ಬೇಸರ?’ ಎಂದು ಸಮೀಕ್ಷೆ ಮಾಡುವವರಿಗೆ ಸಮೀಕ್ಷೆಯ ಸಂಬಳ ಬರುತ್ತದೆ, ಬರಲಿ.

ಮತ ಹಾಕಿದವನಿಗೆ ಸೋತದ್ದರ ನೋವು ಬಹಳ ದಿನ ಉಳಿಯುವುದಿಲ್ಲ. ಹುಲಿಗಿಯವರು ಕುಸ್ತಿಯಲ್ಲೂ ಸೋತಿದ್ದಾರೆ, ಕೋರ್ಟಿನಲ್ಲೂ ಸೋತಿದ್ದಾರೆ. ಉಳಿಯುವುದು ಬೇರೆಯೇ ಒಂದು. ಪ್ರಶ್ನೆ ಬರೆದವರು ಅವರು, ಉತ್ತರದ ಅರ್ಥ ಹೇಳುವವರೂ ಅವರು. ನಡುವೆ ಒಂದು ಕ್ಷಣ ಬೆರಳು ಮಾತ್ರ ನಮ್ಮದು, ಆಮೇಲೆ ಜನ್ಮವಿಡೀ ಬೈಸಿಕೊಳ್ಳುವ ಸರದಿಯೂ ನಮ್ಮದು.

ಇಷ್ಟಾದರೂ ದೇಶಕ್ಕೊಂದು ಜನಮತಗಣನೆ ಬೇಕೇ ಬೇಕು ಎಂದು ಯಾರಾದರೂ ಹಟ ಹಿಡಿದರೆ ನಮ್ಮ ತಕರಾರಿಲ್ಲ, ಮಾಡಲಿ. ಮೊದಲ ಪ್ರಶ್ನೆ ಮಾತ್ರ ಇದಿರಲಿ: ‘ಈ ಉಳಿದ ಪ್ರಶ್ನೆಗಳನ್ನು ಕೇಳಿ ಎಂದು ನಿಮಗೆ ಹೇಳಿದವರು ಯಾರು?’ ಅದರ ಮುಂದೆ ಹೌದು–ಅಲ್ಲ ಎಂಬ ಎರಡು ಮನೆ ಬೇಡ. ಹೆಸರು ಬರೆಯಲು ಜಾಗ ಬಿಡಿ, ತುಸು ಹೆಚ್ಚೇ ಬಿಡಿ.