ಸೋಫಾದಿಂದ ಎದ್ದುಹೋದವರು

ಶಾರದಕ್ಕ, ಮಗನ ಮೇಲೆ ಸಿಟ್ಟು ಮಾಡ್ಕೋಬೇಡಿ. ಅವನು ಸ್ಟಾಕ್‌ಹೋಮಿನಲ್ಲಿ ಆಫೀಸಿಗೆ ರಜ ಹಾಕಿ ಮಗು ನೋಡ್ಕೊಂಡು ಮನೇಲಿದ್ದಾನೆ ಅಂದ್ರೆ ಕೆಲಸ ಹೋಯ್ತು ಅಂತ ಅರ್ಥ ಅಲ್ಲ. ಅಲ್ಲಿನ ಕಾನೂನೇ ಹಾಗಿದೆ. ಒಂದು ಮಗುವಿಗೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನದ ಭತ್ಯೆ ಕೊಡ್ತಾರೆ. ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, 90 ದಿನ ಅಮ್ಮನಿಗೆ. ಅಪ್ಪ ತಗೊಳ್ಳಲಿಲ್ಲ ಅಂದ್ರೆ ಆ ದಿನಗಳು ಅಮ್ಮನಿಗೂ ಬರೋಲ್ಲ, ಯಾರಿಗೂ ಇಲ್ಲದೆ ಹೋಗ್ತವೆ.

ಮೊದಲಿಂದ್ಲೂ ಹೀಗಿತ್ತಾ ಅಂದ್ರಾ? ಇಲ್ಲ. 1974ರಿಂದಲೇ ಅಪ್ಪಂದಿರೂ ರಜ ತಗೋಬಹುದಿತ್ತು, ಆದರೆ ತಗೊಳ್ತಿದ್ದವರು ಕಡಿಮೆ. ತೊಂಬತ್ತರ ದಶಕದ ಶುರುವಿನಲ್ಲೂ ಹತ್ತು ದಿನದಲ್ಲಿ ಒಂಬತ್ತು ದಿನ ಅಮ್ಮಂದಿರದ್ದೇ. ಒಂದು ತಿಂಗಳಾದ್ರೂ ಅಪ್ಪನ ಹೆಸರಲ್ಲೇ ಇರಲಿ ಅಂತ ಹಟ ಹಿಡಿದವರು ಬೆಂಗ್ಟ್ ವೆಸ್ಟರ್‌ಬರ್ಗ್ ಅಂತ. ಲಿಬರಲ್ ಪಕ್ಷದ ನಾಯಕರು, 1991ರಿಂದ 94ರವರೆಗೆ ಸಮಾಜ ಕಲ್ಯಾಣ ಮಂತ್ರಿ, ಉಪಪ್ರಧಾನಿ ಕೂಡ. ಮೈತ್ರಿ ಸರ್ಕಾರದಲ್ಲಿದ್ದ ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷದವರು, ಮಕ್ಕಳನ್ನ ಮನೇಲೇ ಸಾಕೋರಿಗೆ ಬೇರೆ ಭತ್ಯೆ ಕೊಡಿ ಅಂತ ಪಟ್ಟು ಹಿಡಿದಿದ್ದರು. ಅದು ವೆಸ್ಟರ್‌ಬರ್ಗ್ ಅವರಿಗೆ ಹಿಡಿಸದ ವಿಷಯ. ಆದರೂ ಅದಕ್ಕೆ ಒಪ್ಪಿಕೊಂಡು ಅಪ್ಪನ ತಿಂಗಳನ್ನ ಗಿಟ್ಟಿಸಿಕೊಂಡರು. ಮುಂದಿನ ಸರ್ಕಾರ ಬಂದು ಆ ಮನೆಯ ಭತ್ಯೆಯನ್ನ ತೆಗೆದುಹಾಕಿತು, ಅಪ್ಪನ ತಿಂಗಳು ಮಾತ್ರ 1995ರಿಂದ ನಿಂತುಬಿಟ್ಟಿತು. ಆಮೇಲೆ 2002ರಲ್ಲಿ ಎರಡಾಯ್ತು, 2016ರಲ್ಲಿ ಮೂರು.

ಆದರೆ ಅಕ್ಕ, ನಾನು ಆ ಮನುಷ್ಯನನ್ನ ಇಷ್ಟಪಡೋದು ಇದಕ್ಕಲ್ಲ.

ಅವರು ಹುಟ್ಟಿದ್ದು 1943ರಲ್ಲಿ, ಸ್ಟಾಕ್‌ಹೋಮಿನ ಹತ್ತಿರದ ಸೋಡರ್‌ಟಾಲ್ಯೆ ಅನ್ನೋ ಊರಲ್ಲಿ. ವೈದ್ಯಕೀಯಕ್ಕೆ ಸೇರಿ, ಆಮೇಲೆ ಅರ್ಥಶಾಸ್ತ್ರಕ್ಕೆ ಬಂದವರು. ಸರ್ಕಾರದಲ್ಲಿ ಕೈಗಾರಿಕೆ, ಬಜೆಟ್ ಇಲಾಖೆಗಳ ಕಾರ್ಯದರ್ಶಿಯಾಗಿ ಕಡತ ನೋಡ್ಕೊಂಡಿದ್ದರು. 1983ರಲ್ಲಿ ಪಕ್ಷ ಅವರ ಕೈಗೆ ಬಂದಾಗ ಅದರ ಸ್ಥಿತಿ ಚೆನ್ನಾಗಿರಲಿಲ್ಲ, ಹಿಂದಿನ ಚುನಾವಣೆಯಲ್ಲಿ ಶೇಕಡ 5.9 ಮತ. 1985ರಲ್ಲಿ ಟೀವಿ ಚರ್ಚೆಗಳಲ್ಲಿ ಕೂತು, ಕಿರುಚದೆ, ಯಾರನ್ನೂ ಹಂಗಿಸದೆ, ಅಂಕಿ ಅಂಶ ಇಟ್ಟು ಮಾತಾಡಿದರು. ಮತ ಶೇಕಡ 14.2ಕ್ಕೆ ಹೋಯ್ತು, 21 ಸೀಟು ಇದ್ದದ್ದು 51! ಆ ದೇಶದವರು ಇವತ್ತಿಗೂ ಅದನ್ನ 'ವೆಸ್ಟರ್‌ಬರ್ಗ್ ಪರಿಣಾಮ' ಅಂತಲೇ ಕರೀತಾರೆ.

ಆಮೇಲಿಂದ ಇಳಿಜಾರೇ. 12.2, 9.1, ಕೊನೆಗೆ 1994ರಲ್ಲಿ 7.2. ಸೀಟಿನ ಲೆಕ್ಕ ಮಾತ್ರ ನೋಡೋರಿಗೆ ಸೋತ ನಾಯಕ ಅನ್ನಿಸಬಹುದು. ಆ ಲೆಕ್ಕ ನನಗೆ ಸಾಲದು. ಮಾಡಿದ ಕೆಲಸವೆಲ್ಲ ಮತ ಇಳೀತಿದ್ದ ಆ ವರ್ಷಗಳದ್ದೇ.

1991ರ ಚುನಾವಣೆಯ ರಾತ್ರಿ ನಡೆದದ್ದು ಹೇಳ್ತೀನಿ ಕೇಳಿ. ಆ ವರ್ಷ 'ಹೊಸ ಪ್ರಜಾಪ್ರಭುತ್ವ' ಅಂತ ಒಂದು ಪಕ್ಷ ಹುಟ್ಟಿತ್ತು. ಒಬ್ಬ ಕುಲೀನ ಮನೆತನದ ಉದ್ಯಮಿ, ಇನ್ನೊಬ್ಬ ಮನರಂಜನಾ ಪಾರ್ಕಿನ ಮಾಲೀಕ, ಇಬ್ಬರೂ ಸೇರಿ ಕಟ್ಟಿದ್ದು. ತೆರಿಗೆ ಬೇಡ, ವಲಸೆ ಬಂದೋರು ಬೇಡ ಅಂತ ನಗಿಸ್ತಾ ಪ್ರಚಾರ ಮಾಡಿ ಶೇಕಡ 6.7 ಮತ ತಗೊಂಡುಬಿಟ್ಟರು. ಟೀವಿ ಸ್ಟುಡಿಯೋದಲ್ಲಿ ಆ ಇಬ್ಬರೂ ಬಂದು ಸೋಫಾದಲ್ಲಿ ಕೂತ ತಕ್ಷಣ ವೆಸ್ಟರ್‌ಬರ್ಗ್ ಎದ್ದು ಹೊರಟುಹೋದರು. ಇಡೀ ದೇಶ ನೋಡ್ತಿತ್ತು. ಅವರ ಪಕ್ಷ ಮಂತ್ರಿಮಂಡಲ ಸೇರೋದು ಬಹುತೇಕ ಖಚಿತವಾಗಿದ್ದ ರಾತ್ರಿ ಅದು. ಹೊಸ ಸರ್ಕಾರಕ್ಕೆ ಸದನದಲ್ಲಿ ಆ ಇಬ್ಬರ ಪಕ್ಷದ ಮತ ಬೇಕಾಗುತ್ತೆ ಅನ್ನೋದೂ ಗೊತ್ತಿತ್ತು. ಆದರೂ ಎದ್ದರು. ಅದು ಸೊಕ್ಕು ಅಂದವರಿದ್ದಾರೆ. ನನಗೆ ಹಾಗನ್ನಿಸೋಲ್ಲ. ನಿರಾಶ್ರಿತರಾಗಿ ಬಂದ ಮನೆಯವರು ಅವತ್ತು ಟೀವಿ ಮುಂದೆ ಕೂತಿದ್ದರೆ, ತಮ್ಮ ಪರ ಎದ್ದ ಒಬ್ಬರನ್ನ ನೋಡಿರ್ತಾರೆ.

ಸಂಬಾರ್ ಒಲೆ ಮೇಲಿದೆಯಾ? ಸರಿ, ಮುಖ್ಯವಾದದ್ದು ಒಂದು ಹೇಳಿಬಿಡ್ತೀನಿ.

ಕೈಕಾಲು ಸ್ವಾಧೀನ ಇಲ್ಲದವರಿಗೆ ಸ್ವೀಡನ್ನಿನಲ್ಲಿ ಆಗಲೂ ನೆರವಿತ್ತು. ನಗರಸಭೆಯಿಂದ ಆಳು ಬರ್ತಿದ್ದರು. ಬೆಳಗ್ಗೆ ಎಷ್ಟು ಹೊತ್ತಿಗೆ ಏಳಿಸಬೇಕು, ರಾತ್ರಿ ಯಾವಾಗ ಮಲಗಿಸಬೇಕು, ಇವತ್ತು ಯಾರು ಸ್ನಾನ ಮಾಡಿಸ್ತಾರೆ, ಎಲ್ಲ ಅವರದ್ದೇ ತೀರ್ಮಾನ. ಅಡಾಲ್ಫ್ ರಾಟ್ಸ್ಕಾ ಅಂತ ಒಬ್ಬರು, ಜರ್ಮನಿಯಲ್ಲಿ ಹದಿನೇಳನೇ ವಯಸ್ಸಿಗೆ ಪೋಲಿಯೋ ಆಗಿ ಗಾಲಿಕುರ್ಚಿಗೆ ಬಂದವರು, ಕ್ಯಾಲಿಫೋರ್ನಿಯಾದಲ್ಲಿ ಓದಿ ಸ್ಟಾಕ್‌ಹೋಮಿಗೆ ಬಂದು ನೆಲೆಸಿದವರು. ನೆರವಿನ ಹಣ ನಮ್ಮ ಕೈಗೆ ಕೊಡಿ, ಸಹಾಯಕರನ್ನ ನಾವೇ ಆರಿಸ್ಕೊಳ್ತೀವಿ ಅಂತ ಕೇಳಿದರು. 1984ರಲ್ಲಿ ಸಹಕಾರ ಸಂಘ ಕಟ್ಟಿ ಅದನ್ನ ಮಾಡಿಯೂ ತೋರಿಸಿದರು. ಅದನ್ನ ಇಡೀ ದೇಶದ ಹಕ್ಕಾಗಿ ಬರೆದುಕೊಟ್ಟವರು ವೆಸ್ಟರ್‌ಬರ್ಗ್.

ಯಾವ ಕಾಲದಲ್ಲಿ ಗೊತ್ತಾ? 1992ರ ಸೆಪ್ಟೆಂಬರಿನಲ್ಲಿ ತನ್ನ ನಾಣ್ಯ ಉಳಿಸ್ಕೊಳ್ಳೋಕೆ ಅಲ್ಲಿನ ಕೇಂದ್ರ ಬ್ಯಾಂಕು ಬಡ್ಡಿಯನ್ನ ಶೇಕಡ 500ಕ್ಕೆ ಏರಿಸಿತ್ತು. ಐನೂರು, ಅಕ್ಕ! ಆದರೂ ನವೆಂಬರಿನಲ್ಲಿ ಆ ನಾಣ್ಯ, ಕ್ರೋನ, ಕುಸೀತು. ಬ್ಯಾಂಕುಗಳು ಮುಳುಗ್ತಿದ್ದವು, ಕೆಲಸ ಇಲ್ಲದವರು ಸಾಲುಗಟ್ಟಿದ್ದರು. ಕಾಯಿಲೆ ರಜದ ಮೊದಲ ದಿನಕ್ಕೆ ಸಂಬಳ ಇಲ್ಲ ಅನ್ನೋ ಕಡಿತ 1993ರಲ್ಲಿ ಬಂದದ್ದು ಇದೇ ಮಂತ್ರಿಯ ಕಾಲದಲ್ಲಿ. ಗಟ್ಟಿಮುಟ್ಟಾಗಿರೋರು ಒಂದು ದಿನದ ಸಂಬಳ ಬಿಟ್ಟುಕೊಡಬಹುದು, ಹಾಸಿಗೆಯಿಂದ ಏಳೋಕೆ ಇನ್ನೊಬ್ಬರ ಕೈ ಬೇಕಾದವರು ಏನನ್ನೂ ಬಿಡೋಕಾಗಲ್ಲ. ಅದೇ ವರ್ಷ ಅಂಗವಿಕಲರ ನೆರವಿನ ಕಾನೂನನ್ನೂ ಪಾಸು ಮಾಡಿಸಿದರು. 1994ರ ಜನವರಿ 1ಕ್ಕೆ ಜಾರಿ. ಊಟ, ಸ್ನಾನ, ಬಟ್ಟೆಯಂಥ ಮೂಲ ಅಗತ್ಯಕ್ಕೇ ವಾರಕ್ಕೆ 20 ಗಂಟೆಗಿಂತ ಹೆಚ್ಚು ನೆರವು ಬೇಕಿದ್ದವರಿಗೆ ಖರ್ಚು ಸರ್ಕಾರದ ವಿಮೆಯದ್ದು. ಸಹಾಯಕರು ಯಾರು, ಯಾವ ಹೊತ್ತಿಗೆ ಅನ್ನೋದು ಅವರವರ ಇಷ್ಟ. ಬೇಕಾದಾಗ ಸಿನಿಮಾಕ್ಕೆ ಹೋಗಬಹುದು, ಕೆಲಸಕ್ಕೆ ಹೋಗಬಹುದು, ಮದುವೆ ಮಾಡ್ಕೊಂಡು ಮಗು ಸಾಕಬಹುದು. ಅಲ್ಲಿ ಈ ಹಕ್ಕು ಸಿಕ್ಕಿದವರ ಬದುಕು ನೆನೆಸ್ಕೊಂಡ್ರೆ ನನಗೆ ಎದೆ ತುಂಬಿ ಬರುತ್ತೆ.

ಪ್ರಧಾನಿ ಆಗಲಿಲ್ವಾ ಅಂದ್ರಾ? ಇಲ್ಲ. 1995ರಲ್ಲಿ ಪಕ್ಷವನ್ನ ಮಾರಿಯಾ ಲೈಸ್ನರ್ ಅನ್ನೋರಿಗೆ ಒಪ್ಪಿಸಿ ಹೊರಬಂದರು. ಮುಂದೆ 2005ರಿಂದ 2011ರವರೆಗೆ ಸ್ವೀಡನ್ನಿನ ರೆಡ್ ಕ್ರಾಸ್ ಅಧ್ಯಕ್ಷರಾಗಿದ್ದರು. ಅವರ ಹಳೇ ಪಕ್ಷ 2022ರಲ್ಲಿ ವಲಸೆ ವಿರೋಧಿ ಸ್ವೀಡನ್ ಡೆಮಾಕ್ರಟರ ಬೆಂಬಲದ ಸರ್ಕಾರ ಸೇರಿತು. ಆ ದಾರಿ ತಪ್ಪು ಅಂತ ಇವರು ಬಹಿರಂಗವಾಗೇ ಹೇಳಿದವರು.

ಅಂಗವಿಕಲರ ನೆರವಿನ ಆ ಕಾನೂನಿಗೆ ಅಂದಾಜಿಗಿಂತ ತುಂಬಾ ಹೆಚ್ಚು ಖರ್ಚಾಯ್ತು, ನಿಜ. ಅದನ್ನೇ ಹಿಡಿದು ಆಮೇಲಿನ ಸರ್ಕಾರಗಳು ಬಿಗಿ ಮಾಡ್ತಾ ಬಂದವು. ಕೋರ್ಟು ತೀರ್ಪುಗಳೂ ಜೊತೆಗೂಡಿದವು. ಮೂಲ ಅಗತ್ಯ ಅಂದ್ರೆ ಯಾವುದು, ಎಷ್ಟು ನಿಮಿಷ ಅಂತ ಅಳೆಯೋದು ಶುರುವಾಯ್ತು. ಗಂಟೆ ಕಳ್ಕೊಂಡ ಮಕ್ಕಳ ಅಪ್ಪ ಅಮ್ಮಂದಿರು ಸುಮ್ಮನಿರಲಿಲ್ಲ. ಉಸಿರಾಟಕ್ಕೆ ಬೇಕಾದ ನೆರವು, ನಳಿಕೆಯಿಂದ ಊಟ ಕೊಡೋದು, ಇವನ್ನೆಲ್ಲ ಪೂರ್ತಿ ಲೆಕ್ಕಕ್ಕೆ ತಗೋಬೇಕು ಅಂತ 2019, 2020ರಲ್ಲಿ ಸಂಸತ್ತು ತಿದ್ದುಪಡಿ ಮಾಡಬೇಕಾಯ್ತು. ಗಂಟೆಗಳ ಜಗಳ ಇನ್ನೂ ಮುಗಿದಿಲ್ಲ.